ಕಿಡಿಯ ಅಲೆಯನ್ನು ಓದುವುದು ಹೇಗೆ?

ಈರುಳ್ಳಿಗೆ ಹುಳು ಬಿದ್ದ ದಿನವೇ ಔಷಧಿ ಹೊಡೆಯುವ ಎಂಜಿನ್ ಹಠ ಹಿಡಿಯುತ್ತದೆ. ಟೊಮೆಟೊ ಕೊಯ್ದು ತುಂಬಿಕೊಂಡು ಒಟ್ಟನ್‌ಛತ್ರಂ ಮಂಡಿಗೆ ಹೊರಟ ಬೆಳಗಿನಲ್ಲೇ ವ್ಯಾನು ನಡುದಾರಿಯಲ್ಲಿ ಕೆಮ್ಮುತ್ತದೆ. ಮೆಕ್ಯಾನಿಕ್ಕನ ಬಳಿಗೆ ಹೋದರೆ ಆತ ಮೊದಲು ಪ್ಲಗ್ಗು ಬದಲಿಸುತ್ತಾನೆ. ಸರಿಹೋಗದಿದ್ದರೆ ಕಂಡೆನ್ಸರು, ಅದಕ್ಕೂ ಬಗ್ಗದಿದ್ದರೆ ಕಾಯಿಲು. ಮೂರು ಸಾಮಾನುಗಳ ಹಣವೂ ರೈತನ ಜೇಬಿನಿಂದಲೇ ಹೋಗುತ್ತದೆ. ಕೊನೆಗೆ ನೋಡಿದರೆ ಕೆಟ್ಟದ್ದು ಒಂದು ಮೊಳದ ತಂತಿ! ಅಷ್ಟರಲ್ಲಿ ಮಂಡಿಯ ಹರಾಜು ಮುಗಿದಿರುತ್ತದೆ.

ರೈತ ಬಂಧುಗಳೇ, ಇದು ಮೆಕ್ಯಾನಿಕ್ಕನ ಮೋಸವೆಂದು ಹೇಳಬೇಕಾಗಿಲ್ಲ. ಕಿಡಿ ಎಂಬುದು ಸಿಲಿಂಡರಿನ ಒಳಗೆ ಕಣ್ಣಿಗೆ ಕಾಣದಂತೆ ಹಾರಿ ಆರಿಹೋಗುವ ವಸ್ತು. ಕಾಣದ್ದನ್ನು ಊಹಿಸಿಯೇ ರಿಪೇರಿ ಮಾಡಬೇಕು. ಆದರೆ ಆ ಕಾಣದ ಕಿಡಿಯನ್ನು ಗೆರೆಯಾಗಿ ಬರೆದು ತೋರಿಸುವ ಪೆಟ್ಟಿಗೆಯೊಂದು ಉಂಟು. ಅದಕ್ಕೆ ಆಸಿಲೋಸ್ಕೋಪು ಎಂದು ಹೆಸರು. ಅದು ಬರೆಯುವ ಗೆರೆಯನ್ನು ಓದಲು ಕಲಿತರೆ, ಸಾಮಾನು ಕೊಳ್ಳುವುದಕ್ಕೆ ಮೊದಲೇ ಕೆಟ್ಟ ಜಾಗವನ್ನು ಬೆರಳಿಟ್ಟು ತೋರಿಸಬಹುದು. ಈ ಪೆಟ್ಟಿಗೆಯ ಪುಸ್ತಕ ಇಂಗ್ಲಿಷಿನಲ್ಲಿ, ವೇದಸಂದೂರಿನ ವರ್ಕ್‌ಶಾಪಿನ ಮಾತು ತಮಿಳಿನಲ್ಲಿ. ಮನೆಯಲ್ಲಿ ಕನ್ನಡವಾಡುವ ನಮ್ಮ ಹುಡುಗರಿಗಾಗಿ ಈ ವಾರ ಆ ಪಾಠವನ್ನು ಇಲ್ಲಿ ಕೊಟ್ಟಿದೆ. ಒಮ್ಮೆ ಓದಿದರೆ ಸಾಲದು. ಕತ್ತರಿಸಿ ಇಟ್ಟುಕೊಂಡು ಗಾಡಿಯ ಮುಂದೆ ನಿಂತು ಮತ್ತೊಮ್ಮೆ ಓದತಕ್ಕದ್ದು.

ಕಿಡಿ ಎಲ್ಲುಂಟು, ಎಲ್ಲಿಲ್ಲ?

ಮೊದಲು ಇದನ್ನು ತಿಳಿದಿರಬೇಕು. ಡೀಸಲ್ ಎಂಜಿನ್ನಿಗೆ ಕಿಡಿ ಇಲ್ಲ. ಟ್ರಾಕ್ಟರು, ಲಾರಿ, ಡೀಸಲ್ ಪಂಪುಗಳಲ್ಲಿ ಗಾಳಿಯನ್ನು ಬಲವಾಗಿ ಒತ್ತಿದಾಗ ಏರುವ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಆದಕಾರಣ ಅಲ್ಲಿ ಈ ಪಾಠ ನಡೆಯದು. ಬಾವಿಯ ಕರೆಂಟ್ ಮೋಟಾರಿಗೂ ಇದು ಸಲ್ಲದು. ಪೆಟ್ರೋಲಿನಿಂದ ಓಡುವ ಮೋಪೆಡ್ಡು, ಬೈಕು, ಆಟೋ, ಕಾರು, ವ್ಯಾನು, ಔಷಧಿ ಹೊಡೆಯುವ ಎಂಜಿನ್, ಕಳೆ ತೆಗೆಯುವ ಸಣ್ಣ ಯಂತ್ರ, ಪೆಟ್ರೋಲಿನಲ್ಲಿ ಹೊರಟು ಸೀಮೆಎಣ್ಣೆಯಲ್ಲಿ ಓಡುವ ಹಳೆಯ ಪಂಪು, ಇವಕ್ಕೆಲ್ಲ ಕಿಡಿಯೇ ಪ್ರಾಣ. ಗ್ಯಾಸಿನಿಂದ ಓಡುವ ಆಟೋವಿಗೂ ಕಿಡಿ ಬೇಕು.

ನಮ್ಮ ಕಡೆಯ ಹಳ್ಳಿಗಳಲ್ಲಿ ಇಂಥ ಎಂಜಿನ್ನುಗಳಿಗೆ ಕಡಮೆಯಿಲ್ಲ. ೧೯೮೦ರಲ್ಲಿ ಹೊಸೂರಿನಿಂದ ಟಿ.ವಿ.ಎಸ್. ೫೦ ಮೋಪೆಡ್ಡು ಹೊರಬಂದಮೇಲೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗೊಬ್ಬರದ ಚೀಲ ಎಲ್ಲವೂ ಅದರ ಬೆನ್ನೇರಿದವು. ಕುಡಗನಾರಿನ ದಂಡೆಯಲ್ಲಾಗಲಿ, ಕಂಬಂ ಕಣಿವೆಯಲ್ಲಾಗಲಿ, ಅಂಥ ಗಾಡಿ ನಿಂತರೆ ಆ ದಿನದ ದುಡಿಮೆಯೂ ನಿಂತಂತೆಯೇ.

ಕಿಡಿ ಹುಟ್ಟುವ ಬಗೆ

ಅಲೆಯನ್ನು ಓದಬೇಕಾದರೆ ಅದು ಹುಟ್ಟುವ ಬಗೆಯನ್ನು ತಿಳಿಯಬೇಕು. ಹಳೆಯ ಪಾಯಿಂಟು ಏರ್ಪಾಡನ್ನೇ ಮೊದಲು ತೆಗೆದುಕೊಳ್ಳೋಣ. ಅದು ತಿಳಿದರೆ ಮಿಕ್ಕದ್ದು ಸುಲಭ.

ಬ್ಯಾಟರಿಯಲ್ಲಿ ಇರುವುದು ೧೨ ವೋಲ್ಟು. ಪ್ಲಗ್ಗಿನ ಬಾಯಿಯ ಸಂದನ್ನು ಹಾರಲು ಬೇಕಾದದ್ದು ಸಾವಿರಾರು ವೋಲ್ಟು. ಹನ್ನೆರಡು ಸಾವಿರಾರು ಆಗುವುದು ಹೇಗೆ? ಬಾವಿಯ ಪಂಪು ಓಡುತ್ತಿರುವಾಗ ಉದ್ದನೆಯ ಪೈಪಿನ ಕೊನೆಯ ವಾಲ್ವನ್ನು ತಟ್ಟನೆ ಮುಚ್ಚಿ ನೋಡಿ. ಪೈಪು ಧಡ್ಡೆಂದು ಬಡಿಯುತ್ತದೆ. ಓಡುತ್ತಿದ್ದ ನೀರಿಗೆ ಒಮ್ಮೆಲೇ ತಡೆ ಬಂದಾಗ ಅದರ ಓಟವೆಲ್ಲ ಒತ್ತಡವಾಗಿ ತಿರುಗುತ್ತದೆ. ಕಾಯಿಲಿನಲ್ಲಿ ಆಗುವುದೂ ಇದೇ.

ಕಾಯಿಲಿನಲ್ಲಿ ಎರಡು ಸುತ್ತುಗಳಿವೆ. ಒಂದು ದಪ್ಪ ತಂತಿಯ ಕಿರುಸುತ್ತು, ಮತ್ತೊಂದು ಕೂದಲಿನಂಥ ತಂತಿಯ ಹಿರಿಸುತ್ತು. ಹಿರಿಸುತ್ತಿನಲ್ಲಿ ಕಿರುಸುತ್ತಿನ ಸುಮಾರು ನೂರರಷ್ಟು ಸುತ್ತುಗಳಿರುತ್ತವೆ. ಪಾಯಿಂಟು ಮುಚ್ಚಿದಾಗ ಕಿರುಸುತ್ತಿನಲ್ಲಿ ಕರೆಂಟು ಹರಿದು ಕಾಯಿಲು ತುಂಬಿಕೊಳ್ಳುತ್ತದೆ. ಪಾಯಿಂಟು ತೆರೆದೊಡನೆ ಆ ಹರಿವು ತಟ್ಟನೆ ನಿಲ್ಲುತ್ತದೆ. ಆಗ ಕಿರುಸುತ್ತಿನಲ್ಲಿಯೇ ೨೦೦ರಿಂದ ೪೦೦ ವೋಲ್ಟಿನ ಏಟು ಏಳುತ್ತದೆ. ಹಿರಿಸುತ್ತಿನಲ್ಲಿ ಅದರ ನೂರರಷ್ಟು ಏಳಬಲ್ಲುದು. ಪಾಯಿಂಟಿನ ಪಕ್ಕದ ಕಂಡೆನ್ಸರಿನ ಕೆಲಸವೆಂದರೆ, ಪಾಯಿಂಟಿನ ಬಾಯಲ್ಲಿಯೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ಹರಿವನ್ನು ಚೊಕ್ಕಟವಾಗಿ ಕಡಿಯಲು ನೆರವಾಗುವುದು.

ಇನ್ನು ಪ್ಲಗ್ಗಿನ ಸಂದನ್ನು ಕಾಲುವೆಗೆ ಅಡ್ಡ ಹಾಕಿದ ಮಣ್ಣಿನ ಬದುವೆಂದು ಎಣಿಸಿರಿ. ಹಿಂದೆ ನಿಂತ ನೀರು ಏರುತ್ತ ಏರುತ್ತ ಬದುವಿನ ನೆತ್ತಿಯನ್ನು ಮುಟ್ಟುತ್ತದೆ. ಬದು ಒಡೆಯುತ್ತದೆ. ಒಡೆದೊಡನೆ ಮಟ್ಟ ಇಳಿದು, ತಗ್ಗಿನ ಮಟ್ಟದಲ್ಲಿ ನೀರು ಸ್ವಲ್ಪ ಹೊತ್ತು ಹರಿಯುತ್ತದೆ. ಕೊನೆಗೆ ಉಳಿದಷ್ಟು ನೀರು ಅತ್ತಿಂದಿತ್ತ ತುಳುಕಾಡಿ ಸುಮ್ಮನಾಗುತ್ತದೆ. ಏರುವುದು, ಒಡೆಯುವುದು, ಹರಿಯುವುದು, ತುಳುಕುವುದು: ಕಿಡಿಯ ಅಲೆಯಲ್ಲಿ ಕಾಣುವುದು ಇದೇ ಕಥೆ. ಈ ಬದುವಿನ ಮಾತನ್ನು ಮರೆಯಬೇಡಿ. ಮುಂದಿನ ಪಾಠವೆಲ್ಲ ಇದರ ಮೇಲೆಯೇ ನಿಂತಿದೆ.

ಅಲೆ ತೋರುವ ಪೆಟ್ಟಿಗೆ

೧೮೯೭ರಲ್ಲಿ ಕಾರ್ಲ್ ಫರ್ಡಿನೆಂಡ್ ಬ್ರೌನ್ ಎಂಬ ಜರ್ಮನ್ ವಿಜ್ಞಾನಿ ಗಾಜಿನ ಬುರುಡೆಯೊಂದರ ತೆರೆಯ ಮೇಲೆ ವಿದ್ಯುತ್ತಿನ ಏರಿಳಿತವನ್ನು ಬೆಳಕಿನ ಗೆರೆಯಾಗಿ ಕಾಣಿಸಿದನು. ಆಸಿಲೋಸ್ಕೋಪಿಗೆ ಅದೇ ಮೂಲ. ೧೯೦೨ರಲ್ಲಿ ಬಾಷ್ ಕಂಪನಿಯಲ್ಲಿ ಗಾಟ್‌ಲೋಬ್ ಹೊನೋಲ್ಡ್ ಎಂಬಾತ ಹೆಚ್ಚು ವೋಲ್ಟಿನ ಮ್ಯಾಗ್ನೆಟೋ ಮತ್ತು ಅದಕ್ಕೆ ತಕ್ಕ ಪ್ಲಗ್ಗನ್ನು ಸಿದ್ಧಪಡಿಸಿದನು. ಆ ಕಂಪನಿಯ ಕೂಟದಲ್ಲಿ ೧೯೫೧ರಲ್ಲಿ ಹುಟ್ಟಿದ ಬೆಂಗಳೂರಿನ ಮೈಕೋ ಕಾರ್ಖಾನೆಯ ಪ್ಲಗ್ಗುಗಳನ್ನು ನಮ್ಮ ಹಿರಿಯರು ಎಷ್ಟೋ ಗಾಡಿಗಳಲ್ಲಿ ತಿರುಗಿಸಿ ಕೂರಿಸಿದ್ದಾರೆ.

ಹಿಂದೆ ಈ ಪೆಟ್ಟಿಗೆ ದೊಡ್ಡ ಕಾರ್ಖಾನೆಗಳಲ್ಲಿ, ಕಾಲೇಜುಗಳಲ್ಲಿ ಮಾತ್ರ ಇರುತ್ತಿತ್ತು. ಈಗ ಅಂಗೈಯಗಲದ, ಬ್ಯಾಟರಿಯಿಂದ ನಡೆಯುವ ಪೆಟ್ಟಿಗೆಗಳು ಕೆಲವೇ ಸಾವಿರ ರೂಪಾಯಿಗೆ ಸಿಕ್ಕುತ್ತವೆ. ಒಬ್ಬೊಬ್ಬ ರೈತನೂ ಕೊಳ್ಳಬೇಕಾದ ಸಾಮಾನಲ್ಲ ಇದು. ಊರಿಗೊಬ್ಬ ಮೆಕ್ಯಾನಿಕ್ಕನಲ್ಲಿ ಇದ್ದರೆ ಸಾಕು.

ತೆರೆಯ ಮೇಲೆ ಚೌಕಗಳಿರುತ್ತವೆ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ವೋಲ್ಟು. ಒಂದು ಚೌಕಕ್ಕೆ ಎಷ್ಟು ಕಾಲ, ಎಷ್ಟು ವೋಲ್ಟು ಎಂಬುದನ್ನು ನಾವೇ ಗೊತ್ತುಮಾಡಬೇಕು. ಇಲ್ಲಿ ಕಾಲವನ್ನು ಮಿಲಿಸೆಕೆಂಡಿನಲ್ಲಿ, ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಎಣಿಸುತ್ತಾರೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಂತಲ್ಲೇ ಮೆಲ್ಲಗೆ, ನಿಮಿಷಕ್ಕೆ ೭೫೦ ಸುತ್ತು ತಿರುಗುವಾಗ ಸೆಕೆಂಡಿಗೆ ೨೫ ಕಿಡಿ ಹಾರುತ್ತವೆ. ಕಿಡಿಗೂ ಕಿಡಿಗೂ ನಡುವೆ ೪೦ ಮಿಲಿಸೆಕೆಂಡು. ೩,೦೦೦ ಸುತ್ತಿಗೆ ಏರಿಸಿದರೆ ಸೆಕೆಂಡಿಗೆ ೧೦೦ ಕಿಡಿ. ನಡುವಣ ಬಿಡುವು ಬರಿ ೧೦ ಮಿಲಿಸೆಕೆಂಡು. ಇಂಥ ವೇಗವನ್ನು ಕಣ್ಣಾಗಲಿ, ಮುಳ್ಳು ತಿರುಗುವ ಮೀಟರಾಗಲಿ ಹಿಡಿಯಲಾರದು. ಪೆಟ್ಟಿಗೆ ಹಿಡಿಯುತ್ತದೆ.

ಜೋಡಿಸುವ ಮುನ್ನ ಎಚ್ಚರಿಕೆ

ಈ ಭಾಗವನ್ನು ಹಾರಿಸಿ ಓದಕೂಡದು.

೧. ಪ್ಲಗ್ಗಿಗೆ ಹೋಗುವ ದಪ್ಪ ತಂತಿಯೊಳಗಿನ ಕರೆಂಟಿಗೆ ಪೆಟ್ಟಿಗೆಯ ಮೊನೆಯನ್ನು ನೇರವಾಗಿ ಎಂದಿಗೂ ತಾಗಿಸಬಾರದು. ಪೆಟ್ಟಿಗೆ ಸುಡುವುದು, ಕೈಗೂ ಬಲವಾದ ಏಟು ಬೀಳುವುದು. ಆ ತಂತಿಯ ರಬ್ಬರಿನ ಹೊರಮೈಗೆ ಕಚ್ಚಿಸುವ ವಿಶೇಷ ಕ್ಲಿಪ್ಪು ದೊರೆಯುತ್ತದೆ. ಅದು ಒಳಗಿನ ಕರೆಂಟನ್ನು ಮುಟ್ಟದೆ, ರಬ್ಬರಿನ ಆಚೆಯಿಂದಲೇ ಅಲೆಯ ನೆರಳನ್ನು ಹಿಡಿದು ಕೊಡುತ್ತದೆ.

೨. ಕಿರುಸುತ್ತಿನ ಕಡೆ, ಎಂದರೆ ಕಾಯಿಲಿನಿಂದ ಪಾಯಿಂಟಿಗೆ ಹೋಗುವ ತಂತಿಯಲ್ಲಿಯೂ ೪೦೦ ವೋಲ್ಟಿನವರೆಗೆ ಏಳುತ್ತದೆಂದು ಹೇಳಿದೆವಷ್ಟೆ. ಅಲ್ಲಿ ನೇರವಾಗಿ ನೋಡಬಹುದು; ಆದರೆ ವೋಲ್ಟನ್ನು ಹತ್ತನೆಯ ಅಥವಾ ಇಪ್ಪತ್ತನೆಯ ಒಂದು ಪಾಲಿಗೆ ಇಳಿಸುವ ತಡೆಯನ್ನು ನಡುವೆ ಹಾಕಿಯೇ ನೋಡಬೇಕು.

೩. ಪೆಟ್ಟಿಗೆಯ ಕಪ್ಪು ಕ್ಲಿಪ್ಪನ್ನು ಎಂಜಿನ್ನಿನ ಬರಿ ಲೋಹಕ್ಕೆ ಬಲವಾಗಿ ಕಚ್ಚಿಸಬೇಕು. ಮನೆಯ ಕರೆಂಟಿಗೆ ಸಿಕ್ಕಿಸಿದ ಪೆಟ್ಟಿಗೆಗಿಂತ ಬ್ಯಾಟರಿಯಿಂದ ನಡೆಯುವುದೇ ಗಾಡಿಯ ಕೆಲಸಕ್ಕೆ ಕ್ಷೇಮ.

೪. ತಂತಿಯ ರಬ್ಬರು ಬಿರಿದಿದ್ದರೆ ಮೊದಲು ಅದನ್ನೇ ಬದಲಿಸಿರಿ. ಬಿರುಕಿನ ಮೇಲೆ ಕ್ಲಿಪ್ಪು ಹಾಕಿದರೆ ಕಿಡಿ ಕ್ಲಿಪ್ಪಿಗೇ ಹಾರುತ್ತದೆ.

೫. ಪಂಚೆ, ಟವಲು, ಸೆರಗು ಫ್ಯಾನಿಗೂ ಬೆಲ್ಟಿಗೂ ಸಿಕ್ಕದಂತೆ ನೋಡಿಕೊಳ್ಳಬೇಕು. ಪೆಟ್ರೋಲು ಸೋರುವ ಗಾಡಿಯ ಮುಂದೆ ಕಿಡಿಯ ಪರೀಕ್ಷೆಯೇ ಕೂಡದು.

ಒಳ್ಳೆಯ ಅಲೆಯ ನಾಲ್ಕು ಭಾಗಗಳು

ಕೆಟ್ಟದ್ದನ್ನು ಗುರುತಿಸಬೇಕಾದರೆ ಮೊದಲು ಒಳ್ಳೆಯದರ ಗುರುತು ಇರಬೇಕು. ಚೆನ್ನಾಗಿ ಓಡುವ ಗಾಡಿಯೊಂದಕ್ಕೆ ಜೋಡಿಸಿ, ಎಂಜಿನ್ ಕಾದಮೇಲೆ ನೋಡಿರಿ. ಪ್ಲಗ್ಗಿನ ತಂತಿಯ ಅಲೆಯಲ್ಲಿ ನಾಲ್ಕು ಭಾಗ ಕಾಣುತ್ತವೆ.

ಮೊದಲನೆಯದು ಏರುಗೆರೆ. ಪಾಯಿಂಟು ತೆರೆದೊಡನೆ ಕಡ್ಡಿ ನಿಲ್ಲಿಸಿದಂತೆ ನೆಟ್ಟಗೆ ಮೇಲೇಳುತ್ತದೆ. ಇದು ಬದು ಒಡೆಯುವವರೆಗೆ ನೀರು ಏರಿದ ಎತ್ತರ. ನಿಂತಲ್ಲೇ ಓಡುವ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಆರೇಳು ಸಾವಿರದಿಂದ ಹನ್ನೆರಡು ಸಾವಿರ ವೋಲ್ಟಿನವರೆಗೆ ಇರುತ್ತದೆ. ಇದರ ಅಗಲ ಕೂದಲಿಗಿಂತ ಕಡಮೆ. ಅಗ್ಗದ ಪೆಟ್ಟಿಗೆಗಳು ಇದರ ತುದಿಯನ್ನು ಕೆಲವು ಸಾರಿ ತಪ್ಪಿಸಿಬಿಡುತ್ತವೆ. ಆದಕಾರಣ ಒಂದು ಅಲೆಯನ್ನು ನೋಡಿ ತೀರ್ಮಾನಿಸದೆ ಹತ್ತಿಪ್ಪತ್ತು ಅಲೆಗಳನ್ನು ನೋಡಬೇಕು.

ಎರಡನೆಯದು ಕಿಡಿಗೆರೆ. ಏರುಗೆರೆ ತುದಿ ಮುಟ್ಟಿ ಥಟ್ಟನೆ ಬಿದ್ದು, ಒಂದೆರಡು ಸಾವಿರ ವೋಲ್ಟಿನ ಮಟ್ಟದಲ್ಲಿ ಅಡ್ಡಲಾಗಿ ನಡೆಯುತ್ತದೆ. ಇದು ಒಡೆದ ಬದುವಿನಲ್ಲಿ ನೀರು ಹರಿಯುವ ಹೊತ್ತು, ಎಂದರೆ ಕಿಡಿ ನಿಜವಾಗಿ ಉರಿಯುವ ಹೊತ್ತು. ಪಾಯಿಂಟು ಏರ್ಪಾಡಿನಲ್ಲಿ ಒಂದರಿಂದ ಎರಡು ಮಿಲಿಸೆಕೆಂಡು ಇದ್ದರೆ ಒಳ್ಳೆಯದು. ಗೆರೆ ಹೆಚ್ಚು ಕಡಮೆ ಮಟ್ಟಸವಾಗಿರಬೇಕು.

ಮೂರನೆಯದು ತುಳುಕು. ಕಿಡಿ ಆರಿದಮೇಲೆ ಕಾಯಿಲಿನಲ್ಲಿ ಉಳಿದ ಶಕ್ತಿ ಮೇಲೆ ಕೆಳಗೆ ಆಡಿ, ಒಂದಕ್ಕಿಂತ ಒಂದು ಚಿಕ್ಕದಾಗುತ್ತ ಅಡಗುತ್ತದೆ. ನಾಲ್ಕೈದು ಅಲೆಗಳಾದರೂ ಎಣಿಕೆಗೆ ಸಿಕ್ಕಬೇಕು. ಕಾಯಿಲು, ಕಂಡೆನ್ಸರುಗಳ ಆರೋಗ್ಯ ತಿಳಿಯುವುದು ಇಲ್ಲಿ.

ನಾಲ್ಕನೆಯದು ತುಂಬುಗಾಲ. ಪಾಯಿಂಟು ಮತ್ತೆ ಮುಚ್ಚಿದಾಗ ಗೆರೆ ಒಮ್ಮೆ ಕೆಳಗೆ ಜಿಗಿದು, ಸಣ್ಣಗೆ ನಡುಗಿ, ಮುಂದಿನ ಏರುಗೆರೆಯವರೆಗೆ ಸಾಗುತ್ತದೆ. ಇಷ್ಟು ಹೊತ್ತಿನಲ್ಲಿಯೇ ಕಾಯಿಲು ತುಂಬಿಕೊಳ್ಳಬೇಕು. ಅಂಬಾಸಡರ್ ಕಾರಿನಂಥ ನಾಲ್ಕು ಸಿಲಿಂಡರಿನ ಗಾಡಿಯಲ್ಲಿ ಕಿಡಿಗೂ ಕಿಡಿಗೂ ನಡುವೆ ಡಿಸ್ಟ್ರಿಬ್ಯೂಟರಿನ ದಂಡ ೯೦ ಡಿಗ್ರಿ ತಿರುಗುತ್ತದೆ. ಅದರಲ್ಲಿ ಸುಮಾರು ೬೦ ಡಿಗ್ರಿ ಪಾಯಿಂಟು ಮುಚ್ಚಿರಬೇಕು. ಆ ಕಾರಿನ ತಯಾರಿಕೆ ೨೦೧೪ರಲ್ಲಿ ನಿಂತಿತು. ಆದರೂ ಅದನ್ನು ಜೋಪಾನವಾಗಿ ಇಟ್ಟುಕೊಂಡವರಿಗೆ ಈ ಲೆಕ್ಕ ಬೇಕು.

ಒಂದು ಮಾತು. ಕೆಲವು ಪೆಟ್ಟಿಗೆಗಳಲ್ಲಿ ಅಲೆ ತಲೆಕೆಳಗಾಗಿ ಕಾಣುತ್ತದೆ. ಅದು ತಪ್ಪಲ್ಲ. ಪ್ಲಗ್ಗಿನ ನಡುಕಡ್ಡಿ ಋಣವಾಗಿರುವಂತೆಯೇ ಗಾಡಿಯನ್ನು ಕಟ್ಟಿರುತ್ತಾರೆ. ಏಕೆಂದರೆ ಕಾದ ಕಡ್ಡಿಯಿಂದ ಕಿಡಿ ಸುಲಭವಾಗಿ ಹೊರಡುತ್ತದೆ. ಪೆಟ್ಟಿಗೆಯ ಗುಂಡಿಯಿಂದ ಅಲೆಯನ್ನು ತಿರುವಿ ನೋಡಿಕೊಳ್ಳಬಹುದು. ಆದರೆ ಇದೇ ಪೆಟ್ಟಿಗೆಯಲ್ಲಿ ಇದೇ ಬಗೆಯ ಮಿಕ್ಕ ಗಾಡಿಗಳೆಲ್ಲ ಒಂದು ಬಗೆಯಾಗಿ ತೋರಿ, ಈ ಗಾಡಿಯೊಂದು ಮಾತ್ರ ತದ್ವಿರುದ್ಧವಾಗಿ ತೋರಿದರೆ, ಯಾರೋ ಕಾಯಿಲಿನ ಎರಡು ಸಣ್ಣ ತಂತಿಗಳನ್ನು ಅದಲುಬದಲು ಮಾಡಿದ್ದಾರೆಂದು ತಿಳಿಯಿರಿ. ಗಾಡಿ ಓಡುತ್ತದೆ, ಆದರೆ ಕಿಡಿಗೆ ಹೆಚ್ಚು ವೋಲ್ಟು ಬೇಕಾಗಿ, ಭಾರ ಬಿದ್ದಾಗ ತಪ್ಪುತ್ತದೆ.

ಕೆಟ್ಟ ಅಲೆ ಏನು ಹೇಳುತ್ತದೆ?

ಏರುಗೆರೆ ಅತಿ ಎತ್ತರ, ಕಿಡಿಗೆರೆ ಮೊಟಕು: ಬದು ಎತ್ತರವಾದರೆ ನೀರೆಲ್ಲ ಏರುವುದಕ್ಕೇ ಮುಗಿದು, ಹರಿಯುವುದಕ್ಕೆ ಉಳಿಯುವುದಿಲ್ಲ. ಪ್ಲಗ್ಗಿನ ಬಾಯಿ ಸವೆದು ಅಗಲವಾಗಿರಬಹುದು, ತಂತಿಯೊಳಗೆ ಕಡಿದಿರಬಹುದು, ಅಥವಾ ಪೆಟ್ರೋಲು ಕಡಮೆಯಾಗಿ ಗಾಳಿ ಹೆಚ್ಚಾಗಿರಬಹುದು. ಎಲ್ಲ ಸಿಲಿಂಡರುಗಳಲ್ಲಿಯೂ ಹೀಗಿದ್ದರೆ ಎಲ್ಲಕ್ಕೂ ಸೇರಿದ ಭಾಗವನ್ನು ಹುಡುಕಬೇಕು: ಕಾರ್ಬುರೇಟರು, ರೋಟಾರು, ಕಾಯಿಲಿನಿಂದ ಕ್ಯಾಪಿನ ನಡುವಿಗೆ ಬರುವ ತಂತಿ, ಒಟ್ಟಿಗೆ ಸವೆದ ಪ್ಲಗ್ಗುಗಳು. ಒಂದರಲ್ಲಿ ಮಾತ್ರ ಇದ್ದರೆ ಆ ಒಂದರ ಪ್ಲಗ್ಗನ್ನೋ ತಂತಿಯನ್ನೋ ನೋಡಬೇಕು. ಸಿಲಿಂಡರು ಸಿಲಿಂಡರುಗಳ ನಡುವೆ ಮೂರು ಸಾವಿರ ವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ ಸಂಶಯಪಡಬೇಕು.

ಏರುಗೆರೆ ಗಿಡ್ಡ, ಕಿಡಿಗೆರೆ ತಗ್ಗಾಗಿ ಉದ್ದ: ಬದು ತಗ್ಗಾಗಿದೆ. ಪ್ಲಗ್ಗಿನ ಬಾಯಿ ಕಿರಿದಾಗಿರಬಹುದು, ಮಸಿ ಹಿಡಿದಿರಬಹುದು. ಇಲ್ಲವೇ ಕಾಲುವೆಯ ಪಕ್ಕದಲ್ಲಿ ಏಡಿಯ ಬಿಲವಿದ್ದಂತೆ, ಪಿಂಗಾಣಿಯ ಬಿರುಕಿನಿಂದ ಕರೆಂಟು ಸೋರುತ್ತಿರಬಹುದು. ಸಿಲಿಂಡರಿನಲ್ಲಿ ಕಂಪ್ರೆಷನ್ ಕಡಮೆಯಾದರೂ ಹೀಗೆಯೇ ಕಾಣುತ್ತದೆ. ಆಗ ಪ್ಲಗ್ಗು ಬದಲಿಸಿ ಫಲವಿಲ್ಲ. ವಾಲ್ವು, ರಿಂಗುಗಳನ್ನು ನೋಡಬೇಕು.

ಕಿಡಿಗೆರೆ ಮೇಲಿನಿಂದ ಕೆಳಕ್ಕೆ ಕಡಿದಾಗಿ ಇಳಿಜಾರು: ತಂತಿಯಲ್ಲಾಗಲಿ, ಕ್ಯಾಪಿನ ಗೂಡಿನಲ್ಲಾಗಲಿ, ಪ್ಲಗ್ಗಿನೊಳಗಾಗಲಿ ಹೆಚ್ಚಿನ ತಡೆ ಸೇರಿಕೊಂಡಿದೆ. ತುಕ್ಕು ಹಿಡಿದ ಸಂದುಗಳ ಗುರುತು ಇದೇ.

ಏರುಗೆರೆ ಬಹಳ ಎತ್ತರ, ಕಿಡಿಗೆರೆಯೇ ಇಲ್ಲ, ತುಳುಕು ವಿಪರೀತ: ಬದು ಒಡೆಯಲೇ ಇಲ್ಲ. ತಂತಿ ಕಳಚಿದೆ ಅಥವಾ ಪೂರ್ತಿ ಕಡಿದಿದೆ. ಕಿಡಿ ಹಾರದೆ ಶಕ್ತಿಯೆಲ್ಲ ಒಳಗೇ ತುಳುಕಾಡುತ್ತಿದೆ.

ತುಳುಕು ಒಂದೆರಡಕ್ಕೇ ನಿಂತುಹೋಗುವುದು: ಕಾಯಿಲಿನ ಒಳಸುತ್ತುಗಳು ಒಂದಕ್ಕೊಂದು ತಾಗಿಕೊಂಡಿವೆ, ಅಥವಾ ಕಂಡೆನ್ಸರು ಸೋರುತ್ತಿದೆ. ಮೊದಲು ಕಂಡೆನ್ಸರನ್ನು ಬದಲಿಸಿ ನೋಡಿರಿ, ಅದು ಅಗ್ಗ. ಆಮೇಲೆ ಕಾಯಿಲು.

ಪಾಯಿಂಟು ಮುಚ್ಚುವಲ್ಲಿ ಹುಲ್ಲು ಬೆಳೆದಂತೆ ಗೀಚು: ಪಾಯಿಂಟಿನ ಮುಖ ಕೊಳೆಯಾಗಿದೆ, ಅಥವಾ ಅದರ ಸ್ಪ್ರಿಂಗು ಬಲಗುಂದಿ ಪಾಯಿಂಟು ಕುಣಿಯುತ್ತಿದೆ. ತೆರೆಯುವಲ್ಲಿ ಗೀಚು ಕಂಡರೆ ಪಾಯಿಂಟಿನ ಬಾಯಲ್ಲಿಯೇ ಕಿಡಿ ಹಾರುತ್ತಿದೆ, ಕಂಡೆನ್ಸರನ್ನು ಸಂಶಯಿಸಬೇಕು.

ತುಂಬುಗಾಲ ಒಂದೊಂದು ಸಿಲಿಂಡರಿಗೆ ಒಂದೊಂದು ಅಳತೆ: ಡಿಸ್ಟ್ರಿಬ್ಯೂಟರಿನ ದಂಡ ಅಲುಗಾಡುತ್ತಿದೆ, ಬುಷ್ಷು ಸವೆದಿದೆ. ಹೊಸ ಪಾಯಿಂಟು ಹಾಕಿದರೂ ಈ ಕಾಯಿಲೆ ಹೋಗದು.

ಒಂದು ಉದಾಹರಣೆ

ನಾಲ್ಕು ಸಿಲಿಂಡರಿನ ಹಳೆಯ ಪೆಟ್ರೋಲ್ ಜೀಪೊಂದು ಕಂಬಂ ಕಡೆಯಿಂದ ಕುಮಳಿ ಘಾಟಿಯನ್ನು ಹೊರೆ ಹೊತ್ತು ಹತ್ತುವಾಗ ಮುಗ್ಗರಿಸುತ್ತದೆಂದು ಇಟ್ಟುಕೊಳ್ಳಿ. ಬಯಲಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಹೀಗೇಕೆ? ಆಕ್ಸಿಲರೇಟರನ್ನು ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬಿ ಒಳಗಿನ ಒತ್ತಡ ಏರುತ್ತದೆ. ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟು ಬೇಕು. ಬಯಲಿನಲ್ಲಿ ಹೇಗೋ ಸಾಗಿಸುತ್ತಿದ್ದ ದುರ್ಬಲ ಭಾಗ ಏರಿನಲ್ಲಿ ಕೈಕೊಡುತ್ತದೆ.

ಪೆಟ್ಟಿಗೆ ಜೋಡಿಸಿ ನಾಲ್ಕೂ ಅಲೆಗಳನ್ನು ಸಾಲಾಗಿ ನೋಡಿದಾಗ ಏರುಗೆರೆಗಳು ೮, ೧೫, ೯, ೮ ಸಾವಿರ ವೋಲ್ಟು ಇವೆ. ಎರಡನೆಯ ಅಲೆಯ ಕಿಡಿಗೆರೆ ಮೊಟಕಾಗಿ ಇಳಿಜಾರಾಗಿದೆ. ಹಾಗಾದರೆ ಎರಡನೆಯ ಸಿಲಿಂಡರು ಕೆಟ್ಟಿದೆಯೇ? ಇಲ್ಲ! ಇಲ್ಲಿಯೇ ಹೊಸಬರು ಎಡವುವುದು. ತೆರೆಯ ಮೇಲೆ ಅಲೆಗಳು ಬರುವುದು ಸಿಲಿಂಡರುಗಳು ನಿಂತ ಸಾಲಿನಲ್ಲಲ್ಲ, ಕಿಡಿ ಹಾರುವ ಸರದಿಯಲ್ಲಿ. ನಾಲ್ಕು ಸಿಲಿಂಡರಿನ ಬಹಳಷ್ಟು ಗಾಡಿಗಳ ಸರದಿ ೧, ೩, ೪, ೨. ನಮ್ಮ ಉದಾಹರಣೆಯ ಜೀಪಿನದೂ ಅದೇ ಎಂದು ಇಟ್ಟುಕೊಂಡರೆ, ಎರಡನೆಯದಾಗಿ ಕಂಡದ್ದು ಮೂರನೆಯ ಸಿಲಿಂಡರಿನ ಅಲೆ.

ಈಗ ಎಂಜಿನ್ ನಿಲ್ಲಿಸಿ, ಮೂರನೆಯ ತಂತಿಯನ್ನು ಪ್ಲಗ್ಗಿನಿಂದ ಬಿಡಿಸಿ, ಅದರ ತುದಿಯನ್ನು ತಕ್ಕ ಕ್ಲಿಪ್ಪಿನಿಂದ ಎಂಜಿನ್ನಿನ ಮೈಗೆ ಬಿಗಿಯಾಗಿ ಸೇರಿಸಿ, ಮತ್ತೆ ಸ್ವಲ್ಪ ಹೊತ್ತು ಓಡಿಸಿ ನೋಡುತ್ತೇವೆ. ಪ್ಲಗ್ಗು ಎಂಬ ಬದುವೇ ಈಗ ದಾರಿಯಲ್ಲಿಲ್ಲ. ಏರುಗೆರೆ ಐದು ಸಾವಿರಕ್ಕಿಂತ ಕೆಳಗೆ ಇಳಿಯಬೇಕು. ಇಳಿದರೆ ದೋಷ ಪ್ಲಗ್ಗಿನಲ್ಲಿ ಅಥವಾ ಸಿಲಿಂಡರಿನೊಳಗೆ. ಇಳಿಯದೆ ಹನ್ನೆರಡು ಸಾವಿರದಲ್ಲಿಯೇ ನಿಂತರೆ ದೋಷ ತಂತಿಯಲ್ಲಿ ಅಥವಾ ಕ್ಯಾಪಿನಲ್ಲಿ. ಇಲ್ಲಿ ಇಳಿಯಲಿಲ್ಲವೆನ್ನಿ. ತಂತಿಯನ್ನು ಕ್ಯಾಪಿನಿಂದ ಎಳೆದು ನೋಡಿದರೆ ಗೂಡಿನೊಳಗೆ ಹಸಿರು ಕಿಲುಬು, ತಂತಿಯ ತುದಿ ಸುಟ್ಟು ಕರಕಲು. ಗೂಡನ್ನು ಕೆರೆದು ತಂತಿಯೊಂದನ್ನು ಬದಲಿಸಿದರೆ ಕೆಲಸ ಮುಗಿಯಿತು. ನಾಲ್ಕು ಪ್ಲಗ್ಗು, ಒಂದು ಕಾಯಿಲು ಉಳಿದವು. ಅದಕ್ಕಿಂತ ಹೆಚ್ಚಾಗಿ ಒಂದು ದಿನ ಉಳಿಯಿತು.

ಮೋಪೆಡ್ಡು ಮತ್ತು ಸಣ್ಣ ಎಂಜಿನ್ನುಗಳು

ಈಗಿನ ಬಹಳ ಗಾಡಿಗಳಲ್ಲಿ ಪಾಯಿಂಟು ಇಲ್ಲ. ಅದರ ಕೆಲಸವನ್ನು ಎಲೆಕ್ಟ್ರಾನಿಕ್ ಡಬ್ಬಿ ಮಾಡುತ್ತದೆ. ಕಾಯಿಲನ್ನು ತುಂಬಿ ತಟ್ಟನೆ ಕಡಿಯುವ ಜಾತಿಯ ಡಬ್ಬಿಯಾದರೆ ಮೇಲೆ ಹೇಳಿದ ನಾಲ್ಕು ಭಾಗಗಳೂ ಕಾಣುತ್ತವೆ. ಪಾಯಿಂಟಿನ ಗೀಚು ಮಾತ್ರ ಇರುವುದಿಲ್ಲ.

ಅನೇಕ ಮೋಪೆಡ್ಡು, ಬೈಕುಗಳಲ್ಲಿ ಇರುವುದು ಸಿ.ಡಿ.ಐ. ಎಂಬ ಬೇರೆ ಜಾತಿ. ಇದರಲ್ಲಿ ಮೊದಲು ಒಂದು ಕಂಡೆನ್ಸರು ಇನ್ನೂರು ಮುನ್ನೂರು ವೋಲ್ಟಿಗೆ ತುಂಬಿಕೊಂಡು, ಸಮಯ ಬಂದಾಗ ಒಮ್ಮೆಲೇ ಕಾಯಿಲಿಗೆ ಸುರಿಯುತ್ತದೆ. ಕೊಡವನ್ನು ಬೋರಲು ಹಾಕಿದಂತೆ. ಆದಕಾರಣ ಅಲೆಯಲ್ಲಿ ತುಂಬುಗಾಲವೇ ಕಾಣದು. ಕಿಡಿಗೆರೆ ಬಹಳ ಮೊಟಕು, ಮಿಲಿಸೆಕೆಂಡಿನ ಹತ್ತರಲ್ಲಿ ಒಂದೆರಡು ಪಾಲು ಇದ್ದರೂ ಉಂಟು. ಇದು ಅದರ ಹುಟ್ಟುಗುಣ, ದೋಷವಲ್ಲ. ಕಾರಿನ ಅಲೆಯನ್ನು ನೆನಪಿಟ್ಟುಕೊಂಡು ಮೋಪೆಡ್ಡಿನ ಕಾಯಿಲು ಕೆಟ್ಟಿತೆಂದು ತೀರ್ಪು ಕೊಡಕೂಡದು. ಅದೇ ಜಾತಿಯ, ಚೆನ್ನಾಗಿ ಓಡುವ ಮತ್ತೊಂದು ಗಾಡಿಯ ಅಲೆಯೊಂದಿಗೆ ಹೋಲಿಸಿ ನೋಡುವುದೇ ಸರಿಯಾದ ದಾರಿ.

ಔಷಧಿ ಹೊಡೆಯುವ ಎಂಜಿನ್ನಿನಲ್ಲಿ ಬ್ಯಾಟರಿ ಇರುವುದಿಲ್ಲ. ತಿರುಗುವ ಚಕ್ರದ ಅಯಸ್ಕಾಂತವೇ ಕರೆಂಟು ಹುಟ್ಟಿಸುತ್ತದೆ. ಅನೇಕ ಎಂಜಿನ್ನುಗಳಲ್ಲಿ ಕಾಯಿಲೂ ಡಬ್ಬಿಯೂ ಒಂದೇ ಗಟ್ಟಿಯಾಗಿ ಇರುವುದರಿಂದ ಕಿರುಸುತ್ತಿಗೆ ಕೈ ಎಟುಕದು; ಪ್ಲಗ್ಗಿನ ತಂತಿಯ ಮೇಲಿನ ಕ್ಲಿಪ್ಪಿನಿಂದಲೇ ನೋಡಬೇಕು. ಎಳೆಯುವ ಹಗ್ಗವನ್ನು ಮೆಲ್ಲಗೆ ಎಳೆದರೆ ಅಲೆ ಬರದಿರಬಹುದು. ಚುರುಕಾಗಿ ಎಳೆದು ನೋಡಿರಿ. ಅಲೆ ಚೆನ್ನಾಗಿ ಬಂದೂ ಎಂಜಿನ್ ಹೊರಡದಿದ್ದರೆ ಕಿಡಿಯ ಹಿಂದೆ ಬೀಳುವುದನ್ನು ಬಿಟ್ಟು ಪೆಟ್ರೋಲಿನ ದಾರಿಯನ್ನು ನೋಡತಕ್ಕದ್ದು. ಇದೂ ಪೆಟ್ಟಿಗೆ ಮಾಡುವ ದೊಡ್ಡ ಉಪಕಾರ: ಎಲ್ಲಿ ದೋಷವಿಲ್ಲ ಎಂಬುದನ್ನೂ ಅದು ಹೇಳುತ್ತದೆ.

ಪೆಟ್ಟಿಗೆ ಇಲ್ಲದವರು

ಪೆಟ್ಟಿಗೆ ಇಲ್ಲವೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಒಂದು ಸಿಲಿಂಡರು ತಪ್ಪುತ್ತಿದ್ದರೆ ಅದರ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿರಿ. ಕಾಯಿಲೆ ಪ್ಲಗ್ಗಿನೊಂದಿಗೆ ಹೋದರೆ ಪ್ಲಗ್ಗೇ ಕಾರಣ. ಅಲ್ಲಿಯೇ ಉಳಿದರೆ ಬೇರೆ ಕಾರಣ. ಪ್ಲಗ್ಗಿನ ಬಾಯಿಯ ಬಣ್ಣ ನೋಡಿರಿ. ಬಿಸ್ಕತ್ತಿನ ಬಣ್ಣವಿದ್ದರೆ ಸರಿ, ಒಣಮಸಿಯಿದ್ದರೆ ಪೆಟ್ರೋಲು ಹೆಚ್ಚು, ಎಣ್ಣೆಯ ಜಿಡ್ಡಿದ್ದರೆ ರಿಂಗು ಸವೆದಿದೆ, ಬೆಳ್ಳಗೆ ಬೆಂದಿದ್ದರೆ ಗಾಳಿ ಹೆಚ್ಚಾಗಿ ಕಾವೇರಿದೆ. ಕತ್ತಲಾದಮೇಲೆ ಬಾನೆಟ್ಟು ತೆರೆದು ಎಂಜಿನ್ ಓಡಿಸಿದರೆ ಸೋರುವ ತಂತಿಯ ಮೇಲೆ ನೀಲಿ ಕಿಡಿ ಆಡುವುದು ಕಾಣುತ್ತದೆ. ಆದರೆ ಓಡುವ ಎಂಜಿನ್ನಿನ ಪ್ಲಗ್ ತಂತಿಯನ್ನು ಕೈಯಿಂದ ಕಿತ್ತು ಕಿಡಿ ನೋಡುವ ಹಳೆಯ ಅಭ್ಯಾಸವನ್ನು ಬಿಟ್ಟುಬಿಡಬೇಕು. ಮೈಗೆ ಏಟು ಬೀಳುವುದಲ್ಲದೆ, ಹೊಸ ಗಾಡಿಯ ಎಲೆಕ್ಟ್ರಾನಿಕ್ ಡಬ್ಬಿಯೂ ಸುಟ್ಟೀತು.

ಅಭ್ಯಾಸ

ಉತ್ತರವನ್ನು ಕೈಯಿಂದ ಮುಚ್ಚಿಕೊಂಡು ಯೋಚಿಸಿರಿ.

ಪ್ರಶ್ನೆ ೧: ನಾಲ್ಕು ಏರುಗೆರೆಗಳೂ ಒಂದೇ ಸಮನಾಗಿ ಎತ್ತರವಾಗಿವೆ. ಒಂದು ಪ್ಲಗ್ಗು ಬದಲಿಸಿದರೆ ಸರಿಹೋಗುವುದೇ?
ಉತ್ತರ: ಇಲ್ಲ. ಎಲ್ಲಕ್ಕೂ ಸೇರಿದ ಭಾಗವನ್ನು ನೋಡಬೇಕು: ಕಾಯಿಲಿನ ತಂತಿ, ರೋಟಾರು, ಕಾರ್ಬುರೇಟರು, ಇಲ್ಲವೇ ನಾಲ್ಕೂ ಪ್ಲಗ್ಗುಗಳ ಸವೆತ.

ಪ್ರಶ್ನೆ ೨: ಒಂದು ಸಿಲಿಂಡರಿನ ಏರುಗೆರೆ ಗಿಡ್ಡ. ಹೊಸ ಪ್ಲಗ್ಗು, ಹೊಸ ತಂತಿ ಹಾಕಿದರೂ ಹಾಗೆಯೇ ಇದೆ. ಮುಂದೇನು?
ಉತ್ತರ: ಕಂಪ್ರೆಷನ್ ಅಳೆಯಬೇಕು.

ಪ್ರಶ್ನೆ ೩: ಸರದಿ ೧, ೩, ೪, ೨ ಇರುವ ಗಾಡಿಯಲ್ಲಿ ತೆರೆಯ ಮೇಲೆ ನಾಲ್ಕನೆಯ ಅಲೆ ಕೆಟ್ಟಿದೆ. ಯಾವ ಸಿಲಿಂ‍ಡರು?
ಉತ್ತರ: ಎರಡನೆಯದು.

ಪ್ರಶ್ನೆ ೪: ಟ್ರಾಕ್ಟರು ಹೊಗೆಯುಗುಳುತ್ತ ಮುಗ್ಗರಿಸುತ್ತಿದೆ. ಕ್ಲಿಪ್ಪನ್ನು ಎಲ್ಲಿಗೆ ಹಾಕುವಿರಿ?
ಉತ್ತರ: ಎಲ್ಲಿಗೂ ಇಲ್ಲ. ಅದು ಡೀಸಲು, ಕಿಡಿಯೇ ಇಲ್ಲ.

ನಾಡಿ ಹಿಡಿದು ರೋಗ ಹೇಳುವ ಪಂಡಿತನು ಮೊದಲು ಎಷ್ಟೋ ಆರೋಗ್ಯವಂತರ ನಾಡಿಯನ್ನು ಹಿಡಿದು ಕಲಿತಿರುತ್ತಾನೆ. ಅಲೆಯನ್ನು ಓದುವವನೂ ಹಾಗೆಯೇ ಮಾಡಬೇಕು. ಗಾಡಿ ಕೆಟ್ಟ ದಿನ ಪೆಟ್ಟಿಗೆ ತೆಗೆಯುವುದಲ್ಲ. ಚೆನ್ನಾಗಿರುವ ದಿನವೇ ಅದರ ಅಲೆಯನ್ನು ನೋಡಿ, ಏರುಗೆರೆಯ ಎತ್ತರ, ಕಿಡಿಗೆರೆಯ ಉದ್ದ, ತುಳುಕಿನ ಎಣಿಕೆಗಳನ್ನು ಒಂದು ನೋಟುಬುಕ್ಕಿನಲ್ಲಿ ಗಾಡಿಗೊಂದು ಪುಟದಂತೆ ಬರೆದಿಡಬೇಕು. ಕೆಟ್ಟ ದಿನ ಆ ಪುಟವೇ ದಾರಿ ತೋರುತ್ತದೆ. ಊರಿನ ಒಬ್ಬ ಹುಡುಗ ಈ ವಿದ್ಯೆಯನ್ನು ಕೈವಶ ಮಾಡಿಕೊಂಡರೆ ಅವನಿಗೂ ದುಡಿಮೆ, ಸುತ್ತಿನ ಹತ್ತು ಹಳ್ಳಿಯ ರೈತರಿಗೂ ಉಳಿತಾಯ.